ಹೂಂಗುಟ್ಟುವವರ ನಾಟಕ

ನಾನು ಸುಳ್ಳು ಹೇಳಿದೆ. "ನಿಮ್ಮ ಎದುರಿಗೆ ಈಗ ಏನಿದೆ?" ಎಂದು ಫೋನಿನ ಆ ಕಡೆಯಿಂದ ಆಕೆ ಕೇಳಿದಾಗ "ಕಿಟಕಿ" ಎಂದೆ. ಎದುರಿಗಿದ್ದದ್ದು ಗೋಡೆ. ಬರಿಯ ಗೋಡೆ ಎನ್ನಲು ಆ ಕ್ಷಣಕ್ಕೆ ಯಾಕೋ ಮನಸ್ಸಾಗಲಿಲ್ಲ.

"ತೆರೆದಿದೆಯೋ, ಮುಚ್ಚಿದೆಯೋ?"

"ಅರ್ಧ ತೆರೆದಿದೆ."

"ಹಾಗೆಯೇ ಇರಲಿ ಬಿಡಿ. ನಾನು ಕೂತಿರುವ ಕೋಣೆಗೆ ಕಿಟಕಿಯೇ ಇಲ್ಲ. ಹೊರಗೆ ಏನು ಕಾಣುತ್ತದೆ, ನನಗೆ ಸ್ವಲ್ಪ ಹೇಳುತ್ತೀರಾ?"

ಹೇಳಿದೆ. ಒಂದು ಮರ ನೆಟ್ಟೆ. ಎದುರಿಗೆ ಒಂದು ಮನೆ ಕಟ್ಟಿದೆ. ಆ ಮನೆಯ ಮಾಳಿಗೆಯಲ್ಲಿ ಒಂದು ದೀಪ ಹಚ್ಚಿದೆ. ಮುಂದಿನ ಇಪ್ಪತ್ತಾರು ನಿಮಿಷ ಆಕೆಯ ಕಥೆಯನ್ನು ಕೇಳುತ್ತಾ, ಆಗಾಗ ಉತ್ತರಿಸುತ್ತಾ, ಇಲ್ಲದ ಆ ಕಿಟಕಿಯ ಕಡೆಗೆ ಮತ್ತೆ ಮತ್ತೆ ತಿರುಗಿದೆ. ಕೊನೆಗೆ ಆಕೆ ಕೇಳಿದಳು: "ಎದುರು ಮನೆಯ ದೀಪ ಇನ್ನೂ ಉರಿಯುತ್ತಿದೆಯೇ?" ನಾನು ನಿಜವಾಗಿಯೂ ತಲೆಯೆತ್ತಿ ನೋಡಿದೆ. ಗೋಡೆಯನ್ನು ನೋಡಿ, "ಈಗಷ್ಟೇ ಆರಿತು" ಎಂದೆ. ಹಾಗೆ ಹೇಳುವಾಗ ಗಂಟಲು ಕಟ್ಟಿತ್ತು.

ಅದು ಫೋನಿನಲ್ಲಿ ನಡೆಯುವ ನಾಟಕ. ಒಬ್ಬ ನಟಿ, ಒಬ್ಬ ಕೇಳುಗ, ಮೊದಲೇ ಗೊತ್ತುಮಾಡಿಕೊಂಡ ಹೊತ್ತು. ಫೋನ್ ರಿಂಗಣಿಸಿದಾಗ ಎತ್ತಿಕೊಳ್ಳುವುದಷ್ಟೇ ನಮ್ಮ ಕೆಲಸ. ಪರದೆ ಇಲ್ಲ, ಬೆಳಕಿಲ್ಲ, ಪಕ್ಕದ ಆಸನವಿಲ್ಲ. ಕಥೆ ಇಷ್ಟು: ಹಳೆಯದೊಂದು ದೂರವಾಣಿ ವಿನಿಮಯ ಕೇಂದ್ರ ಮರುದಿನ ಮುಚ್ಚಲಿದೆ. ರಾತ್ರಿ ಪಾಳಿಯ ಆಪರೇಟರ್ ಒಬ್ಬಳು ತನ್ನ ಪುಸ್ತಕದಲ್ಲಿ ಬಹಳ ವರ್ಷಗಳ ಹಿಂದೆ ಬುಕ್ ಆಗಿ, ಜೋಡಣೆಯಾಗದೆ ಉಳಿದುಹೋದ ಒಂದು ಟ್ರಂಕ್ ಕಾಲ್, ಅಂದರೆ ಆಪರೇಟರ್ ಮೂಲಕ ದೂರದ ಊರಿಗೆ ಜೋಡಿಸುತ್ತಿದ್ದ ಕರೆ, ಕಂಡುಹಿಡಿಯುತ್ತಾಳೆ. ಆ ಕರೆ ನಿಮಗಾಗಿ ಬಂದದ್ದು. ಯಾರು ಮಾಡಿದ್ದಿರಬಹುದು ಎಂಬುದನ್ನು ನೀವೇ ಹೇಳಬೇಕು. ನಾನು ಒಂದು ಹೆಸರು ಹೇಳಿದೆ. ಅದು ನನ್ನಲ್ಲೇ ಇರಲಿ.

ಅಂದಿನಿಂದ ಈ ಬಗೆಯ ರಂಗಭೂಮಿ ನನ್ನನ್ನು ಬಿಟ್ಟಿಲ್ಲ. ಮೊದಲು ಕೇಳುಗನ ಕಡೆಯಿಂದ ನೋಡಿದೆ, ಆಮೇಲೆ ಒಂದಷ್ಟು ತಿಂಗಳು ಅದೇ ತಂಡದ ಜೊತೆ ಸೇರಿ ಆಪರೇಟರ್ ಪಾತ್ರವನ್ನು ನಾನೂ ಮಾಡಿದೆ. ಎರಡೂ ತುದಿಯಲ್ಲಿ ಕೂತ ಮೇಲೆ ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ಆ ಮೊದಲ ಕರೆಯಲ್ಲಿ ನನ್ನನ್ನು ಬೆಚ್ಚಿಸಿದ್ದು ಕಥೆಯಲ್ಲ, ಒಂದು ಸಣ್ಣ ಪ್ರಶ್ನೆ. ಆಕೆಯ ಮಾತಿನಲ್ಲಿ ಮುಳುಗಿ ನಾನು ಎಂಟು ಹತ್ತು ಸೆಕೆಂಡು ಸುಮ್ಮನಿದ್ದೆ. ಆಕೆ ನಿಲ್ಲಿಸಿ, "ಇದ್ದೀರಾ?" ಎಂದಳು. ಕತ್ತಲ ಸಭಾಂಗಣದಲ್ಲಿ ನಟರು ಹೀಗೆ ಕೇಳುವುದಿಲ್ಲ. ಅಲ್ಲಿ ನಮ್ಮ ಮೌನವೇ ಗೌರವ. ಕೆಮ್ಮು ಬಂದರೂ ತಡೆದುಕೊಳ್ಳುತ್ತೇವೆ. ಫೋನಿನಲ್ಲಿ ಮಾತ್ರ ನಮ್ಮ ಮೌನಕ್ಕೆ ಮುಖವಿಲ್ಲ. ತನ್ಮಯರಾದವರ ಮೌನವೂ ಕರೆ ಕಡಿದುಹೋದವರ ಮೌನವೂ ಆ ತುದಿಗೆ ಒಂದೇ ಥರ ಕೇಳಿಸುತ್ತವೆ. ಆದ್ದರಿಂದ ಕೇಳುಗ ಹೂಂಗುಟ್ಟಬೇಕು.

ಹೂಂಗುಟ್ಟುವುದು. ಎಷ್ಟು ಒಳ್ಳೆಯ ಮಾತು ನಮ್ಮಲ್ಲಿದೆ! ಕಥೆ ಹೇಳಿಸಿಕೊಂಡ ಮಗುವಿಗೆಲ್ಲ ಇದರ ನಿಯಮ ಗೊತ್ತು. ನೀನು ಹೂಂ ಅನ್ನದಿದ್ದರೆ ಕಥೆ ನಿಲ್ಲುತ್ತದೆ. ಹೂಂ ಎಂದರೆ ಒಪ್ಪಿಗೆಯಲ್ಲ, ಉತ್ತರವೂ ಅಲ್ಲ. ನಾನು ಇಲ್ಲಿದ್ದೇನೆ, ಮುಂದಿನ ಮಾತಿಗೆ ಜಾಗ ಮಾಡಿಟ್ಟಿದ್ದೇನೆ ಎಂದಷ್ಟೇ. ಆಸನಗಳ ಸಾಲು ಬಂದಾಗ, ದೀಪ ಆರಿಸುವ ರೂಢಿ ಬಂದಾಗ, ನಾಟಕ ನೋಡುವವರ ಬಾಯಿಂದ ಈ ಹೂಂ ಮರೆಯಾಯಿತು. ಫೋನಿನ ನಾಟಕ ಅದನ್ನು ಮತ್ತೆ ಕರೆತಂದಿದೆ ಎಂಬುದೇ ಅದರ ಮೇಲಿನ ನನ್ನ ಪ್ರೀತಿಗೆ ಮೂಲ.

ಇದರ ಜೊತೆಗೆ ಇನ್ನೊಂದು ಮಾತು. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಚಿಕ್ಕಂದಿನಿಂದ ಬಳಸುತ್ತಿದ್ದರೂ ಈ ಎರಡು ಅರ್ಥಗಳು ಒಂದೇ ಮನೆಯಲ್ಲಿ ಏಕೆ ವಾಸವಾಗಿವೆ ಎಂದು ನಾನು ಯೋಚಿಸಿರಲಿಲ್ಲ. ಫೋನಿನ ನಾಟಕ ಅರ್ಥಮಾಡಿಸಿತು. ಅಲ್ಲಿ ನಟಿ ಕೇಳುತ್ತಾಳೆ, ಕೇಳುಗ ಹೇಳುತ್ತಾನೆ, ಅದನ್ನು ಆಕೆ ಕೇಳಿಸಿಕೊಂಡು ಮತ್ತೆ ಕೇಳುತ್ತಾಳೆ. ಈ ನಾಟಕದ ಒಟ್ಟು ವ್ಯಾಕರಣವೇ ಆ ಒಂದು ಕ್ರಿಯಾಪದ.

ಫೋನಿಗೂ ನಾಟಕಕ್ಕೂ ನಂಟು ಬೆಳೆದದ್ದು ಈಚೆಗಲ್ಲ. ಗ್ರಹಾಂ ಬೆಲ್ ತನ್ನ ಸಹಾಯಕನನ್ನು ತಂತಿಯ ಮೂಲಕ ಕರೆದದ್ದು 1876ರ ಮಾರ್ಚ್‌ನಲ್ಲಿ. ಐದೇ ವರ್ಷಕ್ಕೆ, 1881ರಲ್ಲಿ, ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂ ಆಡೆರ್ ಎಂಬ ಎಂಜಿನಿಯರ್ ಅಲ್ಲಿನ ಒಪೆರಾ ರಂಗದ ಅಂಚಿನಲ್ಲಿ ದನಿ ಹಿಡಿದು ಕಳಿಸುವ ಫೋನಿನ ಪ್ರೇಷಕಗಳನ್ನು ಸಾಲಾಗಿ ಇಟ್ಟು, ದೂರದ ಕೋಣೆಯಲ್ಲಿ ಕೂತವರ ಕಿವಿಗೆ ಹಾಡು ತಲುಪಿಸಿದ. ಎರಡು ಕಿವಿಗೆ ಎರಡು ರಿಸೀವರ್. ಹಾಡುವವರು ರಂಗದ ಮೇಲೆ ಎಡದಿಂದ ಬಲಕ್ಕೆ ನಡೆದದ್ದು ಕೇಳುವವರಿಗೆ ಗೊತ್ತಾಗುತ್ತಿತ್ತು. ಮುಂದೆ ಇದು 'ಥಿಯಾಟ್ರೊಫೋನ್' ಎಂಬ ಹೆಸರಿನಲ್ಲಿ 1890ರಿಂದ 1932ರವರೆಗೆ ವ್ಯಾಪಾರವಾಗಿಯೂ ನಡೆಯಿತು. ಕಾಯಿಲೆಯಿಂದ ಹೆಚ್ಚಾಗಿ ಮನೆಯಲ್ಲೇ ಉಳಿಯುತ್ತಿದ್ದ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಚಂದಾದಾರನಾಗಿ ಹಾಸಿಗೆಯಿಂದಲೇ ಒಪೆರಾ ಕೇಳಿದ. ಬುಡಾಪೆಸ್ಟ್‌ನಲ್ಲಿ ತಿವದಾರ್ ಪುಶ್ಕಾಶ್ 1893ರಲ್ಲಿ ಫೋನಿನ ಮೂಲಕವೇ ಸುದ್ದಿ ಓದುವ ಸೇವೆ ಆರಂಭಿಸಿದ, ಅದರಲ್ಲೂ ಸಂಜೆಗಳಿಗೆ ಸಂಗೀತ ಸೇರಿಕೊಂಡಿತು.

ಓದುವಾಗ ಬೆರಗಾಗುತ್ತದೆ, ಜೊತೆಗೆ ಒಂದು ಕೊರಗೂ ಉಳಿಯುತ್ತದೆ. ಇವೆಲ್ಲವೂ ಒಂದೇ ದಿಕ್ಕಿನ ತಂತಿಗಳು. ಪ್ರೂಸ್ಟ್ ಹಾಸಿಗೆಯಲ್ಲಿ ನಿಟ್ಟುಸಿರಿಟ್ಟರೆ ಅದು ಗಾಯಕರಿಗೆ ತಲುಪುತ್ತಿರಲಿಲ್ಲ. ಎರಡೂ ಕಡೆಯಿಂದ ಮಾತಾಡಬಹುದು ಎಂಬುದೇ ಫೋನಿನ ಇಡೀ ಮಹಿಮೆ. ಅದನ್ನೇ ಕತ್ತರಿಸಿ ಹಾಕಿ ಉಳಿದರ್ಧವನ್ನು ಅವರು ಮಾರಿದರು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಕವಿ ಜಾನ್ ಜಿಯೋರ್ನೊ, ಸಂಖ್ಯೆ ತಿರುಗಿಸಿದರೆ ಕವಿತೆ ಕೇಳಿಸುವ ಏರ್ಪಾಡು ಮಾಡಿದಾಗಲೂ ಕೇಳಿಸುತ್ತಿದ್ದದ್ದು ಧ್ವನಿಮುದ್ರಿಕೆ. ಅದು ಚೆಲುವಾದ ಯೋಚನೆ, ನಿಜ. ಆದರೆ ಕವಿತೆಗೆ ನಾವು ಇದ್ದೇವೆಂಬ ಸುಳಿವಿಲ್ಲ.

ನಮ್ಮ ಪುರಾಣಗಳ ಅಶರೀರವಾಣಿಯೂ ಹಾಗೆಯೇ. ದೇವಕಿಯ ಎಂಟನೆಯ ಮಗುವಿನಿಂದ ನಿನಗೆ ಸಾವು ಎಂದು ಆಕಾಶದಿಂದ ಮಾತು ಬಂತು, ಹೋಯಿತು. ಮರುಪ್ರಶ್ನೆ ಹಾಕಲು ಕಂಸನಿಗೆ ಅವಕಾಶವಿರಲಿಲ್ಲ. ಫೋನಿಗೆ ನಾವು ದೂರವಾಣಿ ಎಂದು ಹೆಸರಿಟ್ಟಾಗ ಆ ಪದದಲ್ಲಿ ವಾಣಿ ಉಳಿಯಿತು, ಕಿವಿ ಬಿಟ್ಟುಹೋಯಿತು. ಆ ಪದ ನನಗೆ ಇಷ್ಟವೇ, ಆದರೂ ಅದು ಅರ್ಧ ಸತ್ಯ.

ಹಳೆಯ ಸಂಸ್ಕೃತ ನಾಟಕಗಳಲ್ಲಿ 'ಭಾಣ' ಎಂಬುದೊಂದಿದೆ, ದಶರೂಪಕಗಳೆಂಬ ಹತ್ತು ಬಗೆಯ ನಾಟಕಗಳಲ್ಲಿ ಒಂದು. ಅದರಲ್ಲಿ ರಂಗದ ಮೇಲೆ ಒಬ್ಬನೇ ನಟ. ಆತ ಬೀದಿಯಲ್ಲಿ ನಡೆಯುತ್ತಾ ಕಾಣದವರನ್ನು ಮಾತಾಡಿಸುತ್ತಾನೆ. ಅವರ ಉತ್ತರ ನಮಗೆ ಕೇಳುವುದಿಲ್ಲ, ಆತನಿಗೆ ಕೇಳುತ್ತದೆ. "ಏನೆನ್ನುತ್ತೀಯೆ?" ಎಂದು ಕೇಳಿ ಆ ಉತ್ತರವನ್ನು ತಾನೇ ಮರುನುಡಿಯುತ್ತಾನೆ. ಇದಕ್ಕೆ ಆಕಾಶಭಾಷಿತ ಎಂದು ಹೆಸರು. ಫೋನ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ಫೋನಿನಲ್ಲಿ ಮಾತಾಡುವವರನ್ನು ರಂಗದ ಮೇಲೆ ತೋರಿಸುವ ಉಪಾಯ ಸಿದ್ಧವಾಗಿತ್ತು ಎನ್ನಿಸುತ್ತದೆ. ಫ್ರೆಂಚ್ ಕವಿ, ನಾಟಕಕಾರ ಝಾನ್ ಕಾಕ್ತೊ 1930ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ತಂದ ಏಕಾಂಕದಲ್ಲಿ, ತನ್ನನ್ನು ಬಿಟ್ಟುಹೋಗುತ್ತಿರುವ ಪ್ರಿಯನ ಜೊತೆ ಹೆಣ್ಣೊಬ್ಬಳು ಫೋನಿನಲ್ಲಿ ಮಾತಾಡುತ್ತಾಳೆ. ಆತನ ದನಿ ನಮಗೆ ಕೊನೆಯವರೆಗೂ ಕೇಳುವುದಿಲ್ಲ. ನಡುನಡುವೆ ಲೈನ್ ಕಡಿಯುತ್ತದೆ. ಭಾಣದ ನಟ ಉತ್ತರವನ್ನು ಮರುನುಡಿದು ನಮಗೆ ದಾಟಿಸಿದರೆ, ಈ ಹೆಣ್ಣು ನಮಗೆ ದಾಟಿಸುವುದಿಲ್ಲ. ನಾವು ಹೊರಗಿನವರು, ಕದ್ದು ಕೇಳುವವರು.

ಈಚಿನ ಫೋನ್ ನಾಟಕ ಮಾಡಿದ್ದೇನೆಂದರೆ, ಆ ಕಾಣದ ಇನ್ನೊಂದು ತುದಿಗೆ ನಮ್ಮನ್ನು ಕೂರಿಸಿತು. ಆಕಾಶದಲ್ಲಿದ್ದವರು ಈಗ ನಾವು.

ಬರ್ಲಿನ್ ಮೂಲದ ರಿಮಿನಿ ಪ್ರೋಟೊಕೋಲ್ ತಂಡ 2005ರಲ್ಲಿ ಕೋಲ್ಕತ್ತದ ಕಾಲ್ ಸೆಂಟರ್ ಉದ್ಯೋಗಿಗಳನ್ನೇ ಕಲಾವಿದರನ್ನಾಗಿಸಿ 'ಕಾಲ್ ಕಟ್ಟಾ' ಎಂಬ ಪ್ರಯೋಗ ಮಾಡಿತು. ಪ್ರೇಕ್ಷಕರು ಮೊಬೈಲ್ ಹಿಡಿದು ಬರ್ಲಿನ್ ಬೀದಿಯಲ್ಲಿ ಒಬ್ಬೊಬ್ಬರೇ ನಡೆಯಬೇಕು. ಸಾವಿರಾರು ಮೈಲಿ ಆಚೆ ಕೂತವರು, ಆ ಬೀದಿಯನ್ನು ಎಂದೂ ತುಳಿಯದವರು, ದಾರಿ ಹೇಳುತ್ತಾರೆ. 2008ರಲ್ಲಿ ಅದೇ ತಂಡ ಪ್ರೇಕ್ಷಕರನ್ನು ಒಂದು ಕೋಣೆಯೊಳಗೆ ಕೂರಿಸಿ, ಕೋಲ್ಕತ್ತದಿಂದ ಅಲ್ಲಿನ ಮೇಜಿನ ಫೋನಿಗೆ ಕರೆ ಬರುವಂತೆ ಇನ್ನೊಂದು ರೂಪ ಕಟ್ಟಿತು. ಹೊಟ್ಟೆಪಾಡಿಗಾಗಿ ದಿನವಿಡೀ ಅಪರಿಚಿತರ ಕಿವಿಯೊಳಗೆ ಮಾತಾಡುವವರು, ತಾವು ಮಾರುತ್ತಿರುವುದೇನೂ ಇಲ್ಲ ಎಂಬ ಕರೆಯೊಂದನ್ನು ಮಾಡುವುದು! ಇದಕ್ಕಿಂತ ಸರಿಯಾದ ನಟವರ್ಗ ಈ ಕಲೆಗೆ ಸಿಗಲಾರದು. ಮಾರುವ ದನಿಗೂ ಜೊತೆಗಿರುವ ದನಿಗೂ ಇರುವ ಅಂತರ ಅವರಷ್ಟು ಬಲ್ಲವರು ಯಾರು?

2020ರಲ್ಲಿ ಸಭಾಂಗಣಗಳು ಮುಚ್ಚಿದಾಗ ಪ್ಯಾರಿಸ್‌ನ ಥಿಯಾತ್ರ್ ದ ಲಾ ವಿಲ್‌ನ ನಟರು ಫೋನಿನಲ್ಲಿ 'ಕಾವ್ಯ ಸಮಾಲೋಚನೆ' ಆರಂಭಿಸಿದರು. ಕರೆ ಮಾಡುತ್ತಾರೆ, ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ, ನಿಮ್ಮ ಮಾತು ಕೇಳಿದ ಮೇಲೆ ನಿಮಗಾಗಿ ಆರಿಸಿದ ಕವಿತೆ ಓದುತ್ತಾರೆ. ಅದೇ ವರ್ಷ ಅಮೆರಿಕದ '600 ಹೈವೇಮೆನ್' ತಂಡ ಇನ್ನೂ ಮುಂದೆ ಹೋಗಿ ನಟರನ್ನೇ ತೆಗೆದುಬಿಟ್ಟಿತು. ಪರಸ್ಪರ ಗುರುತಿಲ್ಲದ ಇಬ್ಬರು ಪ್ರೇಕ್ಷಕರು ಒಂದೇ ಕರೆಗೆ ಸೇರುತ್ತಾರೆ. ಒಂದು ಯಾಂತ್ರಿಕ ದನಿ ಪ್ರಶ್ನೆ ಹಾಕುತ್ತದೆ, ಸೂಚನೆ ಕೊಡುತ್ತದೆ. ಅವರ ಉತ್ತರಗಳೇ ನಾಟಕ. ನಟನಿಲ್ಲದ ನಾಟಕ ಎಂದರೆ ನನಗೆ ಅನುಮಾನವೇ ಹೆಚ್ಚು. ಆದರೆ ಅದರ ಹಿಂದಿನ ಧೈರ್ಯವನ್ನು ಒಪ್ಪುತ್ತೇನೆ. ಇಬ್ಬರು ಹೂಂಗುಟ್ಟುವವರು ಸಿಕ್ಕರೆ ಕಥೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಅದರಲ್ಲಿದೆ.

ಇನ್ನು ಯಂತ್ರದ ಮಾತು. ತಾಲೀಮಿನಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅಭಿನಯಕ್ಕಿಂತ ಫೋನಿನ ಬಗ್ಗೆಯೇ.

ಹಳೆಯ ದೂರವಾಣಿ ಜಾಲ ಒಯ್ಯುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನಗಳ) ಶಬ್ದವನ್ನು ಮಾತ್ರ. ಮಾತು ತಿಳಿಯಲು ಅಷ್ಟು ಸಾಕು. ಆದರೆ ವಯಸ್ಕ ಗಂಡಸಿನ ಕಂಠದ ಮೂಲ ಸ್ಥಾಯಿ ಸಾಮಾನ್ಯವಾಗಿ 100ರಿಂದ 120 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅಂದರೆ ಅದು ತಂತಿಯೊಳಗೆ ಬರುವುದೇ ಇಲ್ಲ! ಆದರೂ ನಮಗೆ ಫೋನಿನಲ್ಲಿ ಗಂಡಸಿನ ದನಿ ಗಂಡಸಿನ ದನಿಯಾಗಿಯೇ ಕೇಳುತ್ತದೆ. ಮೇಲಿನ ಸ್ಥಾಯಿಗಳ ಜೋಡಣೆಯನ್ನು ನೋಡಿ, ಕಳೆದುಹೋದ ತಳವನ್ನು ನಮ್ಮ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಇದನ್ನು ತಿಳಿದ ದಿನ ನನಗೆ ನನ್ನ ಕಿಟಕಿ ನೆನಪಾಯಿತು. ಫೋನಿನಲ್ಲಿ ಕೇಳುವ ಪ್ರತಿಯೊಬ್ಬರೂ ನಾಟಕವಿರಲಿ ಇಲ್ಲದಿರಲಿ, ಬಾರದೆ ಉಳಿದ ದನಿಯನ್ನು ಕಟ್ಟಿಕೊಳ್ಳುತ್ತಲೇ ಇರುತ್ತಾರೆ. ಅವರಿಗೆ ಒಂದು ಮರ ನೆಡುವುದು, ದೀಪ ಹಚ್ಚುವುದು ದೊಡ್ಡ ಕೆಲಸವಲ್ಲ.

ಸಕಾರದ ಸದ್ದಿನ ಬಹುಪಾಲು ಶಕ್ತಿ 3400 ಹರ್ಟ್ಸ್‌ಗಿಂತ ಮೇಲಿರುವುದರಿಂದ ಹಳೆಯ ಲೈನಿನಲ್ಲಿ ಸ, ಶ, ಫ ಒಂದಕ್ಕೊಂದು ಬೆರೆತುಹೋಗುತ್ತವೆ. ಈಗಿನ ಮೊಬೈಲ್ ಜಾಲಗಳು 7000 ಹರ್ಟ್ಸ್‌ವರೆಗೂ ಒಯ್ಯಬಲ್ಲವು. ಆದರೆ ಕೇಳುಗರ ಬಳಿ ಯಾವ ಫೋನ್ ಇದೆ, ಎಂಥ ಸಂಪರ್ಕವಿದೆ ಎಂದು ನಂಬಿ ಕೂರಲಾಗದು. ನಮ್ಮ ಪಠ್ಯದಲ್ಲಿ ಆಪರೇಟರ್ ಹೆಸರು ಮೊದಲು ಸುಶೀಲ ಎಂದಿತ್ತು. ಎರಡನೆಯ ತಾಲೀಮಿನ ಹೊತ್ತಿಗೆ ಗೌರಿ ಆಯಿತು. ಹೆಸರು ಬದಲಾದಂತೆ ಆಕೆಯ ಸ್ವಭಾವವೂ ಸ್ವಲ್ಪ ಬದಲಾಯಿತು ಎಂದು ನನಗನ್ನಿಸುತ್ತದೆ. ಗಕಾರದಿಂದ ಆರಂಭವಾಗುವ ಹೆಣ್ಣಿಗೆ ಕೊಂಚ ಗಟ್ಟಿತನ ತಾನಾಗಿ ಬರುತ್ತದೆ.

ಮುಖ ಎದುರಿಗಿದ್ದು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು. ಫೋನಿನ ಜಾಲವೇ ಅಷ್ಟು ಹೊತ್ತನ್ನು ನುಂಗುವುದುಂಟು. ಆಗ ಇಬ್ಬರೂ ಒಟ್ಟಿಗೆ ಆರಂಭಿಸುತ್ತಾರೆ, ಒಟ್ಟಿಗೆ ನಿಲ್ಲುತ್ತಾರೆ, ಮತ್ತೆ ಒಟ್ಟಿಗೆ ಆರಂಭಿಸುತ್ತಾರೆ. ನಮ್ಮ ನಿರ್ದೇಶಕಿ ಇದಕ್ಕೊಂದು ಕಟ್ಟುನಿಟ್ಟು ಮಾಡಿದ್ದರು: ಡಿಕ್ಕಿಯಾದರೆ ನಟರು ನಿಲ್ಲಬೇಕು, ಕೇಳುಗರಿಗೆ ದಾರಿ ಬಿಡಬೇಕು, ಅದು ಎಂಥ ಒಳ್ಳೆಯ ಸಾಲಾಗಿದ್ದರೂ ಸರಿ. ಬಿಟ್ಟುಕೊಟ್ಟ ಸಾಲುಗಳಿಗಾಗಿ ಮೊದಮೊದಲು ಸಂಕಟವಾಗುತ್ತಿತ್ತು. ಕೇಳುಗರು ನುಗ್ಗಿ ಹೇಳಿದ ಮಾತು ಹೆಚ್ಚಿನ ಸಲ ನನ್ನ ಸಾಲಿಗಿಂತ ಚೆನ್ನಾಗಿರುತ್ತಿತ್ತು.

ಮೌನದ ವಿಚಾರ ಇದಕ್ಕಿಂತ ವಿಚಿತ್ರ. ಡಿಜಿಟಲ್ ಜಾಲಗಳಲ್ಲಿ ಯಾರೂ ಮಾತಾಡದಿದ್ದಾಗ ಆ ಖಾಲಿತನವನ್ನು ಕಳಿಸುವ ಗೋಜಿಗೆ ಹೋಗುವುದಿಲ್ಲ. ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಕರೆ ಕಡಿದಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ಕೇಳುವವರ ಫೋನೇ ಒಂದು ಸಣ್ಣ ಗುಂಯ್ ಸದ್ದನ್ನು ಹುಟ್ಟಿಸಿ ಕಿವಿಗೆ ತುಂಬುತ್ತದೆ. ಎಂಜಿನಿಯರುಗಳು ಇದನ್ನು ಕಂಫರ್ಟ್ ನಾಯ್ಸ್ ಎನ್ನುತ್ತಾರೆ, ನೆಮ್ಮದಿಯ ಸದ್ದು. ನಟಿಯ ಕೋಣೆಯ ಮೌನವೆಂದು ನಾವು ಅಂದುಕೊಂಡದ್ದು ಎಷ್ಟೋ ಸಲ ನಮ್ಮ ಕೈಯಲ್ಲಿರುವ ಯಂತ್ರದ ಹೂಂಗುಟ್ಟುವಿಕೆ. ನನ್ನ ಉಸಿರು ಅವರಿಗೆ ಕೇಳಲಿ ಎಂದು ನಾನು ಮಾಡುತ್ತಿದ್ದ ದೀರ್ಘ ವಿರಾಮಗಳಲ್ಲಿ ಆ ಉಸಿರನ್ನು ಜಾಲ ಸೋಸಿ ಎಸೆಯುತ್ತಿತ್ತು. ವಿರಾಮದ ನಡುವೆ ಏನಾದರೂ ಒಂದು ಸಣ್ಣ ಸದ್ದು, ಪುಸ್ತಕದ ಹಾಳೆ ತಿರುಗಿಸುವುದು, ಕುರ್ಚಿ ಸರಿಸುವುದು, ಬೇಕೇ ಬೇಕು ಎಂದು ಹೀಗೆ ಕಲಿತೆ. ರಂಗದ ಮೇಲೆ ಮೌನವನ್ನು ಕಾಪಾಡುತ್ತೇವೆ. ಇಲ್ಲಿ ಮೌನವನ್ನು ಆಡಿ ತೋರಿಸಬೇಕು.

ನಿಂತು ಮಾತಾಡಿ ಎಂದೂ ನಿರ್ದೇಶಕಿ ಹೇಳುತ್ತಿದ್ದರು. ನಕ್ಕರೆ ತುಟಿ ಅಗಲವಾಗಿ, ದನಿಯ ಹಾದಿ ಚಿಕ್ಕದಾಗಿ, ಸ್ವರದ ಬಣ್ಣವೇ ಏರುತ್ತದೆ, ಕಾಣದವರಿಗೂ ನಗು ಕೇಳಿಸುತ್ತದೆ. ಮೈ ಕುಗ್ಗಿಸಿ ಕೂತರೂ ಕೇಳಿಸುತ್ತದೆ. ಫೋನಿನಲ್ಲಿ ದೇಹವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿರುವ ದೇಹ ಅತಿ ಹತ್ತಿರದ್ದು. ನಟಿಯ ತುಟಿ ನಮ್ಮ ಕಿವಿಗೆ ಇಷ್ಟು ಸಮೀಪ ಬರುವುದು ಯಾವ ಸಭಾಂಗಣದ ಮೊದಲ ಸಾಲಿನಲ್ಲೂ ಸಾಧ್ಯವಿಲ್ಲ. ನಿಜ ಜೀವನದಲ್ಲಿ ಅಷ್ಟು ಹತ್ತಿರ ಬರಲು ನಾವು ಬಿಡುವುದು ಎಷ್ಟು ಜನರನ್ನು? ಬೆರಳೆಣಿಕೆ.

ಆ ಹತ್ತಿರದಿಂದಲೇ ಹೊಣೆಯೂ ಬರುತ್ತದೆ. ನಮ್ಮ ನಾಟಕದ ಮೊದಲ ಮೂರು ಪ್ರಶ್ನೆಗಳು ಪಾತ್ರದ್ದಲ್ಲ: ವಾಹನ ಓಡಿಸುತ್ತಿಲ್ಲ ತಾನೇ? ಕೂರಲು ಜಾಗವಿದೆಯೇ? ಯಾವಾಗ ಬೇಕಾದರೂ ಫೋನ್ ಇಡಬಹುದು ಎಂಬುದು ತಿಳಿದಿದೆಯೇ? ಕರೆಯನ್ನು ಧ್ವನಿಮುದ್ರಿಸುವುದಿಲ್ಲ ಎಂದು ಹೇಳಿ ಹಾಗೆಯೇ ನಡೆದುಕೊಳ್ಳುತ್ತಿದ್ದೆವು. ಆಪ್ತತೆಯ ಹೆಸರಿನಲ್ಲಿ ಐದನೆಯ ನಿಮಿಷಕ್ಕೇ ಗುಟ್ಟು ಬಿಚ್ಚಿಸುವ ಪ್ರಯೋಗಗಳೂ ಉಂಟು. ಒಂದರಲ್ಲಿ ನಾನು ಕೇಳುಗನಾಗಿದ್ದೆ. "ನೀವು ಯಾರಿಗೂ ಹೇಳದ ತಪ್ಪು ಯಾವುದು?" ಎಂದು ಇನ್ನೂ ಹೆಸರೂ ಹೇಳದ ಒಬ್ಬ ನಟ ಕೇಳಿದ. ಅದು ಕಳ್ಳತನ ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಕೇಳುಗರು ಕೊಡುವುದಕ್ಕಿಂತ ಮೊದಲು ನಟರು ಕೊಟ್ಟಿರಬೇಕು. ಗೌರಿ ತನ್ನ ಕಿಟಕಿಯಿಲ್ಲದ ಕೋಣೆಯನ್ನು ಮೊದಲು ಕೊಟ್ಟಳು, ನಾನು ಕಿಟಕಿ ಕೊಟ್ಟೆ.

ಸಂಜೆಗೆ ನಾಲ್ಕು ಕರೆ. ಏಳಕ್ಕೆ, ಏಳು ನಲವತ್ತಕ್ಕೆ, ಎಂಟು ಇಪ್ಪತ್ತಕ್ಕೆ, ಒಂಬತ್ತಕ್ಕೆ. 300 ಆಸನಗಳ ಸಭಾಂಗಣದಲ್ಲಿ ಒಂದೇ ಸಂಜೆ ಕೂರುವವರನ್ನು ಹೀಗೆ ಮುಟ್ಟಲು 75 ಸಂಜೆ ಬೇಕು. ಹಣದ ದೃಷ್ಟಿಯಿಂದ ಇದು ಎಂದಿಗೂ ನಿಲ್ಲುವ ಲೆಕ್ಕವಲ್ಲ. ಮನೆಯಿಂದ ಹೊರಡಲಾಗದವರು, ಕಣ್ಣು ಕಾಣದವರು, ಪರದೆಯ ಮೇಲಿನ ಕಾರ್ಯಕ್ರಮಗಳಿಗೆ ಒಗ್ಗದ ಹಿರಿಯರು ಇದಕ್ಕೆ ಸುಲಭವಾಗಿ ಬಂದರು ಎಂಬುದು ಸಂತೋಷ. ಕಿವಿ ಕೇಳದವರಿಗೆ ನಾವು ಏನನ್ನೂ ಕೊಡಲಾಗಲಿಲ್ಲ ಎಂಬುದು ಇನ್ನೂ ಚುಚ್ಚುತ್ತದೆ.

ಕೆಲವರು ಮರೆಯುವುದಿಲ್ಲ. ಒಬ್ಬರು ಇಡೀ ಕರೆಯುದ್ದಕ್ಕೂ ಪಾತ್ರೆ ತೊಳೆಯುತ್ತಿದ್ದರು. ನೀರಿನ ಸದ್ದು, ಬಟ್ಟಲು ಬಟ್ಟಲಿಗೆ ತಾಗುವ ಸದ್ದು. ಗಮನ ಕೊಡುತ್ತಿಲ್ಲ ಎಂದು ನನ್ನೊಳಗೆ ಸಿಟ್ಟು ಏಳುತ್ತಿತ್ತು. ಹದಿನೆಂಟನೆಯ ನಿಮಿಷದಲ್ಲಿ, ಆ ಟ್ರಂಕ್ ಕಾಲ್ ಯಾರದಿರಬಹುದು ಎಂದು ಕೇಳಿದಾಗ ನೀರು ನಿಂತಿತು. ಆತ ನಿಧಾನವಾಗಿ, ಮೊದಲೇ ಸಿದ್ಧವಿದ್ದವರಂತೆ, ಒಂದು ಪೂರ್ತಿ ಕಥೆ ಹೇಳಿದರು. ಕೈಗೆ ಕೆಲಸ ಕೊಟ್ಟು ಮನಸ್ಸನ್ನು ನನಗೆ ಕೊಟ್ಟಿದ್ದರು. ನೋಡಿ ಅಳೆಯುವ ಅಭ್ಯಾಸವನ್ನು ಕಿವಿಗೂ ತಂದುಕೊಂಡಿದ್ದ ತಪ್ಪು ನನ್ನದು.

ಇನ್ನೊಬ್ಬರು ಹನ್ನೊಂದನೆಯ ನಿಮಿಷಕ್ಕೆ ಫೋನ್ ಇಟ್ಟರು. ಗುರ್ ಎಂಬ ಸದ್ದೂ ಇಲ್ಲ, ಈಗಿನ ಫೋನುಗಳಲ್ಲಿ ಕರೆ ಮುಗಿಯುವುದು ಒಂದು ಚುಕ್ಕೆಯ ಹಾಗೆ. ತಿರುಗಿ ಕರೆಯಬಾರದು ಎಂಬುದು ನಿಯಮ. ಯಾವುದಾದರೂ ಮಾತು ನೋಯಿಸಿತೋ, ಬಾಗಿಲಲ್ಲಿ ಯಾರಾದರೂ ಬಂದರೋ, ಬ್ಯಾಟರಿ ಮುಗಿಯಿತೋ. ರಂಗದಿಂದ ಎದ್ದುಹೋಗುವವರ ಬೆನ್ನಾದರೂ ಕಾಣುತ್ತದೆ. ಆ ದಿನ ಉಳಿದ ಹದಿನೈದು ನಿಮಿಷ ನಾನು ಕೋಣೆಯಲ್ಲೇ ನಿಂತಿದ್ದೆ, ಕೈಯಲ್ಲಿ ಗೌರಿಯ ಪುಸ್ತಕ ಹಿಡಿದು. ಅದು ಕೇಳುಗರ ಸಮಯ, ಅದನ್ನು ನಾನು ಬೇರೆಯದಕ್ಕೆ ಬಳಸುವಂತಿಲ್ಲ ಎನ್ನಿಸಿತು.

ಕೊನೆಯ ವಾರದಲ್ಲಿ ಒಂದು ಸಂಜೆ, ಮೂರನೆಯ ಕರೆ. ಆ ಕಡೆ ವಯಸ್ಸು ಅಂದಾಜಿಗೆ ಸಿಗದ ಹೆಣ್ಣು ದನಿ. ಒಳ್ಳೆಯ ಹೂಂಗುಟ್ಟುವವರು, ಎಲ್ಲಿ ಹೂಂ ಬೇಕೋ ಅಲ್ಲಿ ಮಾತ್ರ. ಎದುರಿಗೆ ಏನಿದೆ ಎಂದು ಕೇಳಿದಾಗ ಅವರು ಹೇಳಿದ ವಸ್ತುವನ್ನು ನಾನು ಎಂದಿನಂತೆ ಕಾಗದದ ಮೇಲೆ ಬರೆದುಕೊಂಡೆ, ಆಮೇಲೆ ಕಥೆಯಲ್ಲಿ ಅಲ್ಲಲ್ಲಿ ಪೋಣಿಸಲು. ಅದು ನಿಜವಾಗಿ ಅವರ ಎದುರಿಗಿತ್ತೋ, ನನ್ನ ಕಿಟಕಿಯ ಹಾಗೆಯೋ ಹೇಳಲಾರೆ. ಆದರೆ ಅದು ಬಂದ ಮೇಲೆ ನಾಟಕಕ್ಕೆ ಬೇರೆಯೇ ಜೀವ ಬಂತು. ಇಷ್ಟು ದಿನ ಗೌರಿಯ ಕಥೆಗೆ ಏನು ಕಡಿಮೆಯಿತ್ತೋ ಅದು ಇದೇ ಎನ್ನಿಸಿ, ಮುಂದಿನ ಪ್ರದರ್ಶನಗಳಲ್ಲೂ ಇದನ್ನು ಉಳಿಸಿಕೊಳ್ಳಬೇಕು ಎಂದು ಮಾತಾಡುತ್ತಿರುವಾಗಲೇ ಆಸೆಯಾಯಿತು. ಕಾಗದದ ಮೇಲೆ ಅದರ ಸುತ್ತ ಒಂದು ಗೆರೆ ಎಳೆದೆ.

ಇಪ್ಪತ್ತೈದನೆಯ ನಿಮಿಷದಲ್ಲಿ ಅವರು ಕೇಳಿದರು: "ಒಂದು ಮಾತು. ಇದನ್ನೆಲ್ಲ ನೀವು ಬೇರೆಯವರಿಗೂ ಹೀಗೆಯೇ ಹೇಳುತ್ತೀರಾ?"

ನನ್ನ ಮೊದಲ ಕರೆಯ ಕೊನೆಯಲ್ಲಿ ನನ್ನ ಬಾಯಿಗೂ ಬಂದಿದ್ದ ಪ್ರಶ್ನೆ ಅದು. ನಾನು ನುಂಗಿಕೊಂಡಿದ್ದೆ. ಪಠ್ಯದಲ್ಲಿ ಇದಕ್ಕೆ ಕವಲಿರಲಿಲ್ಲ. ಗೌರಿಯಾಗಿ ಉತ್ತರಿಸಿದರೆ ಮೋಸ, ನಾನಾಗಿ ಉತ್ತರಿಸಿದರೆ ನಾಟಕ ಮುಗಿದಂತೆ. ಹಾಳೆ ತಿರುಗಿಸಿದ ಸದ್ದು ಮಾಡಿದೆ. ಆಮೇಲೆ ನನ್ನ ದನಿಯಲ್ಲೇ ಹೇಳಿದೆ: "ಹೌದು. ಇವತ್ತು ನಾಲ್ವರಿಗೆ. ನೀವು ಮೂರನೆಯವರು."

ಹೂಂ ಬರಲಿಲ್ಲ. ಬರಿಯ ಆ ನೆಮ್ಮದಿಯ ಸದ್ದು. ಹೋದರು ಎಂದುಕೊಂಡೆ. "ಇದ್ದೀರಾ?" ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಮಾತು ಬಂತು.

"ಹಾಗಿದ್ದರೆ ನಾಲ್ಕನೆಯವರಿಗೆ ನಾನು ಹೇಳಿದ್ದನ್ನು ಹೇಳಬೇಡಿ. ಅದು ನಿಮಗೆ ಕೊಟ್ಟದ್ದು."

ಆಗಲಿ ಎಂದೆ. ಅವರು ಹೂಂ ಎಂದು ಫೋನ್ ಇಟ್ಟರು.

ಒಂಬತ್ತಕ್ಕೆ ಇನ್ನೂ ಹದಿಮೂರು ನಿಮಿಷವಿತ್ತು. ನೀರು ಕುಡಿದೆ. ಗೆರೆಯೊಳಗಿನ ಆ ಪದವನ್ನು ಕಾಣದಂತೆ ಹೊಡೆದುಹಾಕಿದೆ, ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ, ಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಹೊತ್ತಾದಾಗ ನಾಲ್ಕನೆಯ ಸಂಖ್ಯೆ ಒತ್ತಿದೆ.